ಸಾತಾರಾ ಜಿಲ್ಲೆ: ಕರಿಕಲ್ಲಿನ ಬೆಟ್ಟಗಳು ಮತ್ತು ಭೂರಚನೆ

ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಪಶ್ಚಿಮ ಭಾಗ ಪೂರ್ತಿ ಸಹ್ಯಾದ್ರಿ. ಮಹಾಬಳೇಶ್ವರ, ಪಾಂಚಗಣಿ, ಪ್ರತಾಪಗಡ, ಕೊಯ್ನಾ ಕಣಿವೆ ಎಲ್ಲ ಇಲ್ಲೇ ಇವೆ. ಮಹಾಬಳೇಶ್ವರದ ವಿಲ್ಸನ್ ಪಾಯಿಂಟ್ ಸಮುದ್ರ ಮಟ್ಟದಿಂದ 1,438 ಮೀಟರ್ ಎತ್ತರದಲ್ಲಿದೆ. ಕೃಷ್ಣಾ ನದಿ ಹುಟ್ಟುವುದೂ ಇಲ್ಲಿಯೇ.

ಈ ಬೆಟ್ಟಗಳು ಲಾವಾದಿಂದ ಆದವು. ಹಾಗಂತ ಇಲ್ಲಿ ಜ್ವಾಲಾಮುಖಿಯ ಬಾಯಿ ಹುಡುಕಿದರೆ ಸಿಗುವುದಿಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದಲ್ಲಿ ಉದ್ದುದ್ದ ಬಿರುಕು ಬಿಟ್ಟು, ತೆಳುವಾದ ಲಾವಾ ಮತ್ತೆ ಮತ್ತೆ ಉಕ್ಕಿ ಹರಡಿತು. ಒಂದು ಪದರ ಆರಿದ ಮೇಲೆ ಇನ್ನೊಂದು. ಆಮೇಲೆ ಮಳೆ, ಹೊಳೆ ಕೊರೆದದ್ದರಿಂದ ಬೆಟ್ಟದ ಮೈ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ‘ಡೆಕ್ಕನ್ ಟ್ರ್ಯಾಪ್’ ಎಂಬ ಹೆಸರಿನ ‘ಟ್ರ್ಯಾಪ್’ ಕೂಡ ಮೆಟ್ಟಿಲು ಎಂಬ ಅರ್ಥದ ಸ್ವೀಡಿಷ್ ಪದದಿಂದ ಬಂದದ್ದು. ಸೊಲ್ಲಾಪುರ, ಅಕ್ಕಲಕೋಟ, ಜತ್ತ, ವಿಜಯಪುರಗಳ ಕರಿಕಲ್ಲು ಇದೇ ಹಾಸಿನದು. ನಮ್ಮ ಎರಿ ಭೂಮಿ ಈ ಕಲ್ಲು ಕರಗಿ ಆದದ್ದು.

ಮಹಾಬಳೇಶ್ವರದ ಹತ್ತಿರ ಹೊರಗೆ ಕಾಣುವ ಈ ಪದರಗಳ ದಪ್ಪ ಸುಮಾರು 1,200 ಮೀಟರ್. ಕಣ್ಣಿಗೆ ಎಲ್ಲ ಒಂದೇ ಕಲ್ಲು. ರಾಸಾಯನಿಕ ಪರೀಕ್ಷೆ ಮಾಡಿದ ಭೂವಿಜ್ಞಾನಿಗಳು ಮಾತ್ರ ಕೆಳಗಿನಿಂದ ಮೇಲಕ್ಕೆ ಪೋಲಾದಪುರ, ಅಂಬೇನಳಿ, ಮಹಾಬಳೇಶ್ವರ ಎಂದು ಬೇರೆ ಬೇರೆ ಗುಂಪು ಮಾಡಿದ್ದಾರೆ. ಘಾಟಿನಲ್ಲಿ ಬಸ್ಸಿನಲ್ಲಿ ಹೋಗುವವರಿಗೆ ಇವು ಗುರುತಿನ ಹೆಸರುಗಳೇ.

ಪ್ರತಿ ಪದರದ ಕೆಳಭಾಗ ಗಟ್ಟಿ ಬಂಡೆ. ಮೇಲ್ಭಾಗದಲ್ಲಿ ಗಾಳಿಗುಳ್ಳೆಗಳ ತೂತು ಇರುತ್ತವೆ. ಆ ತೂತುಗಳಲ್ಲಿ ಬಿಳಿ ಜಿಯೋಲೈಟ್ ಹರಳು ಬೆಳೆದಿರುವುದೂ ಉಂಟು. ಎರಡು ಪದರಗಳ ನಡುವೆ ಕೆಲವೆಡೆ ಕೆಂಪು ಜೇಡಿಯ ಪಟ್ಟಿ ಇರುತ್ತದೆ. ನೀರಿನ ಲೆಕ್ಕ ಇರುವುದು ಇಲ್ಲಿಯೇ. ತೂತು ಬಿದ್ದು ಸವೆದ ಭಾಗ ನೀರು ಹಿಡಿಯುತ್ತದೆ, ಕೆಂಪು ಪಟ್ಟಿ ನೀರನ್ನು ಕೆಳಗೆ ಬಿಡುವುದು ಕಡಿಮೆ, ಹೀಗಾಗಿ ಬೆಟ್ಟದ ಮಗ್ಗುಲಲ್ಲಿ ಒರತೆಯಾಗಿ ಹೊರಬರುತ್ತದೆ. ಗಟ್ಟಿ ಬಂಡೆಯಲ್ಲಿ ಬಿರುಕು ಇಲ್ಲದಿದ್ದರೆ ಎಷ್ಟು ಅಡಿ ಬೋರ್ ಹೊಡೆದರೂ ಪುಡಿಯೇ. ಪಕ್ಕದ ಹೊಲದವನಿಗೆ ನೀರು ಬಿದ್ದು ನಮಗೆ ಬೀಳದಿದ್ದರೆ ಅದು ದೈವವಲ್ಲ, ಪದರದ ಆಟ.

ಮಹಾಬಳೇಶ್ವರ, ಪಾಂಚಗಣಿ, ಕಾಸ್ ಪ್ರಸ್ತರಗಳ ತಲೆಯ ಮೇಲೆ ಕೆಂಪು ಕಲ್ಲಿನ ಟೋಪಿ ಇದೆ. ಬಹುಕಾಲದ ಮಳೆಗೆ ಕರಿಕಲ್ಲೇ ಕೊಳೆತು ಆದ ಜಂಬಿಟ್ಟಿಗೆ ಇದು. ಕಾಸರಗೋಡಿನವರು ಇಂಥ ಕಲ್ಲನ್ನೇ ಮುರಕಲ್ಲು ಎನ್ನುತ್ತಾರೆ, ಅಲ್ಲಿ ಅದು ಬೇರೆ ಮೂಲ ಬಂಡೆಯಿಂದ ಆದದ್ದು. ಹೂವಿಗೆ ಹೆಸರಾದ ಕಾಸ್ 2012ರಲ್ಲಿ ಪಶ್ಚಿಮ ಘಟ್ಟಗಳ ಜೊತೆ ವಿಶ್ವ ಪರಂಪರೆ ಪಟ್ಟಿಗೆ ಸೇರಿತು.

ಲಾವಾ ಹಾಸಿನ ಅಡಿಯಲ್ಲಿ ಇನ್ನೂ ಬಹಳ ಹಳೆಯ ಗ್ರಾನೈಟ್ ಜಾತಿಯ ಬಂಡೆ ಇದೆ. ಕೊಯ್ನಾದಲ್ಲಿ ಬೋರ್ ಕೊರೆದು ನೋಡಿದಾಗ 900 ಮೀಟರಿಗೂ ಕೆಳಗೆ ಅದು ಸಿಕ್ಕಿತು. ದಖ್ಖಣ ಗಟ್ಟಿ ನೆಲ, ಇಲ್ಲಿ ದೊಡ್ಡ ಭೂಕಂಪ ಆಗದು ಎಂಬ ನಂಬಿಕೆ ಹಿಂದೆ ಇತ್ತು. ಕೊಯ್ನಾ ಜಲಾಶಯದಲ್ಲಿ ನೀರು ತುಂಬಿಸತೊಡಗಿದ್ದು 1962ರಲ್ಲಿ. 1967ರ ಡಿಸೆಂಬರ್ 11ರ ನಸುಕಿನಲ್ಲಿ 6.3 ಪ್ರಮಾಣದ ಭೂಕಂಪವಾಗಿ ಸುಮಾರು 200 ಜನ ಸತ್ತರು. ಅಡಿಯ ಬಂಡೆಯಲ್ಲಿ ಮೊದಲೇ ಇದ್ದ ಬಿರುಕುಗಳಿಗೆ ಜಲಾಶಯದ ಭಾರ ಮತ್ತು ಇಳಿದ ನೀರಿನ ಒತ್ತಡ ಸೇರಿ ಅವು ಜಾರಿದವು ಎಂಬುದು ಹೆಚ್ಚಿನ ವಿಜ್ಞಾನಿಗಳ ಅಭಿಪ್ರಾಯ. ಸಣ್ಣ ಕಂಪನಗಳು ಇಂದಿಗೂ ನಿಂತಿಲ್ಲ.

ಸೊಲ್ಲಾಪುರ ಕಡೆಯವರಿಗೆ 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪ ನೆನಪಿದೆ. ಅಲ್ಲಿಯೂ ಮೇಲೆ ಕರಿಕಲ್ಲಿನ ಹಾಸು, ಅಡಿಯಲ್ಲಿ ಹಳೆಯ ಬಂಡೆ. ಹೆಚ್ಚು ಜನ ಸತ್ತದ್ದು ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಭಾರದ ಮಣ್ಣಿನ ಮಾಳಿಗೆಗಳು ಮೈಮೇಲೆ ಬಿದ್ದು. ನಮ್ಮ ಕಡೆಯ ಎಷ್ಟೋ ಹಳೆಯ ಮನೆಗಳು ಇದೇ ಕಟ್ಟಡದವು. ಗೋಡೆಯ ಒಳ ಮುಖ, ಹೊರ ಮುಖ ಎರಡನ್ನೂ ಹಿಡಿದಿಡುವ ಉದ್ದ ಕಲ್ಲುಗಳು ನಡುನಡುವೆ ಇವೆಯೇ ಎಂದು ತಿಳಿದ ಗವಂಡಿಯಿಂದ ನೋಡಿಸಿಕೊಳ್ಳಬಹುದು.