ಮನೆಯ ಗಣಕಯಂತ್ರದ ಜೀರ್ಣೋದ್ಧಾರ

ಊರ ಗುಡಿಯ ಗೋಪುರ ಶಿಥಿಲವಾದರೆ ಹತ್ತು ಸಮಸ್ತರು ಕೂಡಿ ಕಲ್ಲು ಗಾರೆಗಳನ್ನು ಬದಲಿಸುತ್ತಾರೆ. ಒಳಗಣ ಮೂರ್ತಿ ಮಾತ್ರ ಹಳೆಯದೇ. ಇದಕ್ಕೆ ಜೀರ್ಣೋದ್ಧಾರವೆಂದು ಹೆಸರು. ಮನೆಯ ಕಂಪ್ಯೂಟರಿಗೆ ಜನರು ಮಾಡಿಸುವ ‘ಅಪ್‌ಗ್ರೇಡ್’ ಎಂಬ ಸಂಸ್ಕಾರಕ್ಕೂ ಈ ಮಾತು ಸಲ್ಲುವುದೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಅಲ್ಲಿ ಮೂರ್ತಿ ಯಾವುದು, ಗೋಡೆ ಯಾವುದು ಎಂಬುದೇ ನಾಲ್ಕು ದಶಕಗಳಿಂದ ತೀರ್ಮಾನವಾಗಿಲ್ಲ.

1981ರ ಆಗಸ್ಟಿನಲ್ಲಿ ಅಮೆರಿಕೆಯ ಐಬಿಎಂ ಸಂಸ್ಥೆ ತನ್ನ ‘ಪರ್ಸನಲ್ ಕಂಪ್ಯೂಟರ್’ ಅನ್ನು ಪ್ರಕಟಿಸಿತು. ಎಲ್ಲಕ್ಕಿಂತ ಅಗ್ಗದ ಮಾದರಿಗೆ 1,565 ಡಾಲರ್. ಅದರಲ್ಲಿದ್ದ ಮೆಮೊರಿ ಬರಿಯ 16 ಕಿಲೋಬೈಟು. ಆದರೆ ಮುಚ್ಚಳ ತೆಗೆದರೆ ಒಳಗೆ ಹೊಸ ಹಲಗೆಗಳನ್ನು ಸಿಕ್ಕಿಸಲು ಐದು ಸ್ಲಾಟುಗಳಿದ್ದವು. ಯಂತ್ರದ ವಿದ್ಯುತ್ ನಕ್ಷೆಗಳನ್ನು ಸಹ ಸಂಸ್ಥೆಯವರು ಅಚ್ಚುಹಾಕಿಸಿ ಮಾರಿದರು. ಬಡವನಾದವನು ಇಂದು ಸಣ್ಣದನ್ನು ಕೊಂಡು ನಾಳೆ ಹಿರಿದು ಮಾಡಿಕೊಳ್ಳಲಿ ಎಂಬ ಉದಾರ ಭಾವ ಅದರ ರಚನೆಯಲ್ಲಿಯೇ ಇತ್ತೆಂದು ನನ್ನ ಎಣಿಕೆ.

ಆದರೆ ಯಂತ್ರ ಬೆಳೆದಂತೆ ತಂತ್ರಾಂಶದ ಹಸಿವೂ ಬೆಳೆಯಿತು. ಮೊದಲ ಯಂತ್ರದ ಏರ್ಪಾಟಿನಲ್ಲಿ ತಂತ್ರಾಂಶಗಳಿಗೆಂದು ಮೀಸಲಾದ ಜಾಗ 640 ಕಿಲೋಬೈಟು. 1984ರ ‘ಎಟಿ’ ಮಾದರಿ ಇದಕ್ಕಿಂತ ಬಹಳ ಹೆಚ್ಚಿನ ಮೆಮೊರಿಯನ್ನು ಹೊರಬಲ್ಲುದಾಗಿತ್ತು. ಆದರೂ ಹಳೆಯ ತಂತ್ರಾಂಶಗಳಿಗೆ ಆ ಗೆರೆಯ ಆಚೆ ಸುಲಭವಾಗಿ ಕಾಲಿಡಲು ಬರುತ್ತಿರಲಿಲ್ಲ. ಹಣ ತೆತ್ತವನು ಕಣಜ ಕಟ್ಟಿಸಿದ, ಬಾಗಿಲು ಮಾತ್ರ ಹಳೆಯದೇ ಉಳಿಯಿತು.

ಮೆಮೊರಿಯ ಬೆಲೆಯಂತೂ ಮಳೆಗಾಲದ ಹೊಳೆಯ ಹಾಗೆ. 1993ರ ಜುಲೈನಲ್ಲಿ ಜಪಾನಿನ ನಿಹಾಮಾದಲ್ಲಿದ್ದ ಸುಮಿಟೊಮೊ ಕೆಮಿಕಲ್ ಕಾರ್ಖಾನೆಯಲ್ಲಿ ಸ್ಫೋಟವಾಯಿತು. ಚಿಪ್ಪುಗಳನ್ನು ಮುಚ್ಚಲು ಬಳಸುವ ರಾಳದ ಬಹುಪಾಲು ಅಲ್ಲಿಂದಲೇ ಜಗತ್ತಿಗೆ ಹೋಗುತ್ತಿತ್ತು. ಎಲ್ಲಿಯೋ ಒಂದು ರಾಳದ ಒಲೆ ಆರಿದ್ದಕ್ಕೆ ಸಾಗರದಾಚೆ ಮೆಮೊರಿಯ ಬೆಲೆ ಗಗನಕ್ಕೇರಿತು! ಎರಡು ವರ್ಷ ಕಳೆದು, 1995ರ ಆಗಸ್ಟಿನಲ್ಲಿ ‘ವಿಂಡೋಸ್ 95’ ಬಂತು. ಪೆಟ್ಟಿಗೆಯ ಮೇಲೆ ನಾಲ್ಕು ಮೆಗಾಬೈಟು ಸಾಕೆಂದಿತ್ತು. ಕೊಂಡವರಿಗೆ ಎಂಟಾದರೂ ಬೇಕೆಂಬುದು ಬೇಗನೆ ತಿಳಿಯಿತು. ಹೀಗೆ ದುಬಾರಿಯಲ್ಲಿ ಕೊಂಡವರು ಉಸಿರು ಬಿಡುವಷ್ಟರಲ್ಲಿ, 1996ರಲ್ಲಿ ಬೆಲೆ ಪಾತಾಳಕ್ಕಿಳಿಯಿತು. ಅದೇ ಹೊತ್ತಿಗೆ ‘ಎಟಿಎಕ್ಸ್’ ಎಂಬ ಹೊಸ ಅಳತೆಯ ಮದರ್‌ಬೋರ್ಡು ರೂಢಿಗೆ ಬಂದುದರಿಂದ, ಅದನ್ನು ತಂದವನು ಪೆಟ್ಟಿಗೆಯನ್ನೂ ವಿದ್ಯುತ್ ಪೂರೈಸುವ ಘಟಕವನ್ನೂ ಬದಲಿಸಬೇಕಾಯಿತು. ಗುಂಡಿ ಹೊಲಿಸಲು ಹೋದವನಿಗೆ ಅಂಗಿಯನ್ನೇ ಹೊಲಿದುಕೊಟ್ಟಂತೆ.

ಇವೆಲ್ಲ ಹಣದ ಮಾತು. ಕನ್ನಡಿಗರಿಗೆ ಬಂದ ಕಷ್ಟ ಬೇರೆ ಬಗೆಯದು.

1990ರ ದಶಕದಲ್ಲಿ ನಮ್ಮ ಅಕ್ಷರಗಳನ್ನು ಪರದೆಯ ಮೇಲೆ ಮೂಡಿಸಲು ಒಂದು ಉಪಾಯ ಮಾಡಿದ್ದರು. ಯಂತ್ರಕ್ಕೆ ಗೊತ್ತಿದ್ದುದು ರೋಮನ್ ಲಿಪಿ. ಆ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ಚಿತ್ರಗಳನ್ನು ಕೂರಿಸಿದರು. ಕಣ್ಣಿಗೆ ಕನ್ನಡ, ಯಂತ್ರದ ಒಳಗೆ ರೋಮನ್! 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ವೂ ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಬಂದು ಸಾವಿರಾರು ಮನೆಗಳಲ್ಲಿ ಕನ್ನಡ ಬರೆಯುವಂತಾಯಿತು. ಆ ಉಪಕಾರವನ್ನು ಮರೆಯಲಾಗದು. ಆದರೆ ಆ ಕಾಲದ ಕಡತಗಳನ್ನು ಅದೇ ಫಾಂಟು ಇಲ್ಲದ ಹೊಸ ಯಂತ್ರದಲ್ಲಿ ತೆರೆದು ನೋಡಿ: ಒಂದು ಪದವೂ ಓದಲಿಕ್ಕಾಗದ ರೋಮನ್ ಅಕ್ಷರಗಳ ಗೊಂದಲ.

1991ರಲ್ಲಿಯೇ ಯೂನಿಕೋಡ್ ಎಂಬ ಜಾಗತಿಕ ಸಂಕೇತದಲ್ಲಿ ಕನ್ನಡಕ್ಕೆ ಸ್ವಂತ ಸ್ಥಾನ ದೊರೆತಿತ್ತು. 2001ರ ‘ವಿಂಡೋಸ್ ಎಕ್ಸ್‌ಪಿ’ಯಲ್ಲಿ ಅದು ಮನೆಯವರ ಕೈಗೂ ಬಂತು. ಇದು ನಿಜವಾದ ಏರಿಕೆ. ಇಂದು ನಾವು ಕನ್ನಡದಲ್ಲಿ ಹುಡುಕುವುದೂ ಪತ್ರ ಕಳುಹಿಸುವುದೂ ಇದರ ಫಲ. ಆದರೆ ಯಂತ್ರ ಬದಲಿಸಿದವರಲ್ಲಿ ಎಷ್ಟು ಮಂದಿ ತಮ್ಮ ಹಳೆಯ ಬರಹವನ್ನೂ ಬದಲಿಸಿಕೊಂಡರು? ಊರಿನ ಚರಿತ್ರೆ, ಮನೆತನದ ವಂಶಾವಳಿ, ಅಜ್ಜಿಯ ಬಾಯಿಂದ ಕೇಳಿ ಬರೆದ ಹಾಡು ಇವೆಲ್ಲ ಫ್ಲಾಪಿಗಳಲ್ಲಿ ಕುಳಿತವು. ಇತ್ತ 1998ರ ಐಮ್ಯಾಕಿನಿಂದ ಮೊದಲಾಗಿ ಫ್ಲಾಪಿಯ ಬಾಯಿಯೇ ಯಂತ್ರಗಳಿಂದ ಮರೆಯಾಗತೊಡಗಿತು. ಓಲೆಗರಿ ಜೀರ್ಣವಾದರೆ ಲಿಪಿಕಾರನು ಹೊಸ ಗರಿಗೆ ಪ್ರತಿ ಮಾಡುತ್ತಿದ್ದ. ಈ ಗರಿಗಳಿಗೆ ಲಿಪಿಕಾರನನ್ನು ಯಾರೂ ನೇಮಿಸಲಿಲ್ಲ.

ಹಳೆಯ ಸಂಕೇತವನ್ನು ಯೂನಿಕೋಡಿಗೆ ತಿರುಗಿಸುವ ತಂತ್ರಾಂಶಗಳು ಈಗ ಇವೆ. ಕೆಲಸ ಮಾತ್ರ ಬರಿಯ ಅದಲುಬದಲಲ್ಲ. ‘ಕರ್ಮ’ ಎಂಬ ಪದದ ಅರ್ಕಾವತ್ತನ್ನು ಹಳೆಯ ಫಾಂಟಿನವರು ಕಣ್ಣಿಗೆ ಕಾಣುವ ಕ್ರಮದಲ್ಲಿ ‘ಮ’ಕಾರದ ಮುಂದೆ ಇಡುತ್ತಿದ್ದರು, ಯೂನಿಕೋಡಿನಲ್ಲಿ ಉಚ್ಚಾರದ ಕ್ರಮದಂತೆ ರೇಫವು ಮೊದಲು, ‘ಮ’ಕಾರ ಆಮೇಲೆ. ತಿರುಗಿಸುವ ತಂತ್ರಾಂಶವು ಒಂದೊಂದು ಅರ್ಕಾವತ್ತನ್ನೂ ಹಿಡಿದು ಹಿಂದಕ್ಕೆ ಸರಿಸಬೇಕು. ಮನೆಯ ಕಪಾಟಿನಲ್ಲಿ ಫ್ಲಾಪಿಗಳಿದ್ದವರು ಅವನ್ನು ಓದುವ ಯುಎಸ್‌ಬಿ ಪೆಟ್ಟಿಗೆಯೊಂದನ್ನು ಕೂಡಲೆ ಹುಡುಕಿ ಪ್ರತಿ ತೆಗೆಸುವುದು ಲೇಸು. ಅವುಗಳ ಕಾಂತಪಟಲವೂ ಸವೆಯುತ್ತದೆ.