ವಾಲಿದ ಗ್ರಹದ ಹಿಮ

ಎರಡು ಸಂಗತಿಗಳು ಒಂದೇ ದಾಖಲೆಯಲ್ಲಿ ಅಕ್ಕಪಕ್ಕ ಕೂತಿರುತ್ತವೆ. ಅವುಗಳ ನಡುವಿನ ನಂಟು ಕಾಣಲು ತಲೆಮಾರುಗಳೇ ಬೇಕಾಗುತ್ತವೆ. ವಿಜ್ಞಾನದ ಇತಿಹಾಸದಲ್ಲಿ ಸಂಶೋಧನೆ ಮಾಡುತ್ತಿರುವ ನನಗೆ ಹಾಗೆ ಸಿಕ್ಕಿದ್ದು, ವಿಲಿಯಂ ಹರ್ಷೆಲ್ 1784ರಲ್ಲಿ ಮಂಗಳ ಗ್ರಹದ ಬಗ್ಗೆ ಪ್ರಕಟಿಸಿದ ಪ್ರಬಂಧ.

ತಾವೇ ಕಟ್ಟಿದ ದೂರದರ್ಶಕದಲ್ಲಿ ನೋಡಿ ಹರ್ಷೆಲ್ ಹೇಳಿದ್ದು ಮುಖ್ಯವಾಗಿ ಎರಡು ಮಾತು. ಮಂಗಳದ ಧ್ರುವಗಳಲ್ಲಿ ಋತುವಿಗೆ ತಕ್ಕಂತೆ ಹಿಗ್ಗಿ ಕುಗ್ಗುವ ಬಿಳಿ ಕಲೆಗಳು ಹಿಮವಿರಬೇಕು. ಗ್ರಹದ ಅಕ್ಷ 28 ಡಿಗ್ರಿಗಿಂತ ತುಸು ಹೆಚ್ಚು ವಾಲಿದೆ. ಇಂದಿನ ಅಳತೆ ಸುಮಾರು 25. ಇಷ್ಟು ಹತ್ತಿರ ಬಂದಿದ್ದರೂ, ಆ ವಾಲಿಕೆ ಬದಲಾಗುತ್ತದೆ, ಅದರೊಂದಿಗೆ ಹಿಮವೂ ವಲಸೆ ಹೋಗುತ್ತದೆ ಎಂಬುದು ಅವರಿಗೆ ತಿಳಿಯುವಂತಿರಲಿಲ್ಲ.

ಮಂಗಳದ ವಾಲಿಕೆ ಲಕ್ಷಾಂತರ ವರ್ಷಗಳಲ್ಲಿ ಬಹಳ ಏರಿಳಿಯುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದವರು ವಿಲಿಯಂ ವಾರ್ಡ್, 1973ರಲ್ಲಿ. ಭೂಮಿಯನ್ನು ಹೆಚ್ಚು ಓಲಾಡದಂತೆ ಚಂದ್ರ ಹಿಡಿದಿದ್ದಾನೆ. ಮಂಗಳದ ಎರಡು ಪುಟ್ಟ ಉಪಗ್ರಹಗಳಿಗೆ ಆ ಬಲವಿಲ್ಲ.

ವಾಲಿಕೆ 45 ಡಿಗ್ರಿ ಮುಟ್ಟಿದರೆ? ಬೇಸಿಗೆಯಲ್ಲಿ ಧ್ರುವದ ಹಿಮಕ್ಕೆ ಬಿಸಿಲು ಜೋರಾಗಿ ತಾಗುತ್ತದೆ. ಗಾಳಿ ತೀರ ತೆಳು, ಹಾಗಾಗಿ ಹಿಮ ನೀರಾಗದೆ ನೇರ ಆವಿಯಾಗುತ್ತದೆ. 2006ರಲ್ಲಿ ಫ್ರಾನ್ಸ್ವಾ ಫೊರ್ಜೆ ಮತ್ತು ಸಂಗಡಿಗರು ಇದನ್ನು ಕಂಪ್ಯೂಟರ್ ಮಾದರಿಯಲ್ಲಿ ನಡೆಸಿ ನೋಡಿದರು. ಆವಿ ಸಮಭಾಜಕದತ್ತ ಸಾಗಿ, ಥಾರ್ಸಿಸ್ ಜ್ವಾಲಾಮುಖಿಗಳ ಪಶ್ಚಿಮ ಇಳಿಜಾರನ್ನು ಏರುವಾಗ ತಣಿದು, ಹಿಮವಾಗಿ ಸುರಿಯಿತು. ವರ್ಷಕ್ಕೆ ಬೀಳುವುದು ಕೆಲವೇ ಸೆಂಟಿಮೀಟರ್. ಸಾವಿರಾರು ವರ್ಷ ಹಾಗೇ ಒಟ್ಟಿದರೆ ಅದು ತನ್ನ ಭಾರಕ್ಕೇ ಜರುಗುವ ಹಿಮನದಿ.

ಬರೀ ಮಾದರಿಯಾಗಿದ್ದರೆ ನಾನು ಅನುಮಾನಿಸುತ್ತಿದ್ದೆ. ಆದರೆ ನೆಲದ ಸಾಕ್ಷ್ಯವೂ ಇತ್ತು. ಅಲ್ಲಿನ ಆರ್ಸಿಯಾ ಮಾನ್ಸ್ ಪರ್ವತದ ಪಶ್ಚಿಮಕ್ಕೆ ಬೀಸಣಿಗೆಯಂತೆ ಹರಡಿದ ದಿಣ್ಣೆಗಳಿವೆ. ಅಂಟಾರ್ಕ್ಟಿಕಾದ ಒಣ ಕಣಿವೆಗಳಲ್ಲಿ ಹಿಮನದಿಗಳು ಬಿಟ್ಟುಹೋದ ಕಲ್ಲುಸಾಲುಗಳೊಂದಿಗೆ ಜೇಮ್ಸ್ ಹೆಡ್ ಮತ್ತು ಡೇವಿಡ್ ಮಾರ್ಚಂಟ್ 2003ರಲ್ಲೇ ಅವನ್ನು ಹೋಲಿಸಿದ್ದರು. ಹೆಲ್ಲಾಸ್ ಎಂಬ ಬೃಹತ್ ತಗ್ಗಿನ ಪೂರ್ವಕ್ಕೂ ಹಿಮ ಬಿದ್ದಿರಬೇಕೆಂದು ಫೊರ್ಜೆ ತಂಡ ಹೇಳಿತ್ತು. 2008ರಲ್ಲಿ ನೌಕೆಯ ರಾಡಾರ್ ಅಲ್ಲಿ ಕಲ್ಲುಮಣ್ಣಿನಡಿ ಇಂದಿಗೂ ಉಳಿದಿರುವ ಹಿಮನದಿಗಳನ್ನೇ ಕಂಡಿತು.

ಆರ್ಸಿಯಾದ ಇಳಿಜಾರಿನಲ್ಲಿ ಈಗ ಕಾಣುವುದು ಹಿಮವಲ್ಲ, ಅದು ಹೋದ ಗುರುತು. ಇತಿಹಾಸದಲ್ಲಿ ನಮ್ಮ ಕೈಗೆ ಸಿಗುವುದೂ ಹೆಚ್ಚಾಗಿ ಅಷ್ಟೇ. ನನ್ನ ಟಿಪ್ಪಣಿಯಲ್ಲಿ ಮಂಗಳದ ಧ್ರುವಗಳಿಗೆ 'ಶಾಶ್ವತ ಹಿಮ' ಎಂದು ಬರೆದುಕೊಂಡಿದ್ದೆ. ಮೊದಲ ಪದವನ್ನು ಹೊಡೆದುಹಾಕಿದೆ.