ಒಳಗೋ, ಹೊರಗೋ: ಅಂದರ್ ಬಾಹರ್ ಆಟ ಮತ್ತು ಕಾನೂನು

ಕರ್ನಾಟಕದ ಪತ್ರಿಕೆಗಳಲ್ಲಿ ಒಂದು ಪುಟ್ಟ ಸುದ್ದಿ ಮತ್ತೆ ಮತ್ತೆ ಬರುತ್ತಿರುತ್ತದೆ: ಅಂದರ್ ಬಾಹರ್ ಅಡ್ಡೆಯ ಮೇಲೆ ದಾಳಿ, ಇಷ್ಟು ಜನರ ಬಂಧನ, ಪಣಕ್ಕಿಟ್ಟ ಹಣ ಮತ್ತು 52 ಇಸ್ಪೀಟು ಎಲೆ ವಶ. ತಮಿಳುನಾಡಿನಲ್ಲಿ ಇದೇ ಆಟಕ್ಕೆ ಮಂಗಾತ್ತಾ ಎನ್ನುತ್ತಾರೆ. 2011ರಲ್ಲಿ ಆ ಹೆಸರಿನ ಸಿನಿಮಾವೇ ಬಂತು.

ಆಟ ಕಲಿಯಲು ಎರಡು ನಿಮಿಷ ಸಾಕು. ಕಲಸಿದ ಕಟ್ಟಿನಿಂದ ಒಂದು ಎಲೆಯನ್ನು ತೆಗೆದು ಎಲ್ಲರಿಗೂ ಕಾಣುವಂತೆ ಇಡುತ್ತಾರೆ. ಅದು ಜೋಕರ್. ಅಲ್ಲಿ ರಾಜ ಬಿದ್ದಿದೆ ಎನ್ನೋಣ. ಮುಂದಿನ ರಾಜ ಯಾವ ಪಕ್ಕಕ್ಕೆ ಬೀಳುತ್ತದೆ ಎಂದು ಊಹಿಸಿ ಅಂದರ್ ಮೇಲೋ ಬಾಹರ್ ಮೇಲೋ ಹಣ ಕಟ್ಟಬೇಕು. ಆಮೇಲೆ ಹಂಚುವವನು ಒಂದು ಎಲೆ ಒಳಗೆ, ಒಂದು ಎಲೆ ಹೊರಗೆ ಎಂದು ಹಾಕುತ್ತಾ ಹೋಗುತ್ತಾನೆ. ಇಸ್ಪೀಟೋ ಆಟೀನೋ ಲೆಕ್ಕಕ್ಕಿಲ್ಲ; ರಾಜ ಬಿದ್ದ ಪಕ್ಕ ಗೆದ್ದಿತು. ಸರಾಸರಿ 13ನೆಯ ಎಲೆಗೆ ಆಟ ಮುಗಿಯುತ್ತದೆ.

ಎರಡೂ ಪಕ್ಕ ಸಮ ಎಂದು ತೋರುತ್ತದೆ, ಆದರೆ ಸಮವಲ್ಲ. ಮೊದಲ ಎಲೆ ಬೀಳುವ ಪಕ್ಕ 1000 ಆಟಗಳಲ್ಲಿ ಸುಮಾರು 515 ಸಲ ಗೆಲ್ಲುತ್ತದೆ, ಇನ್ನೊಂದು 485 ಸಲ. ಕ್ಯಾಸಿನೊಗಳಿಗೆ ಈ ಲೆಕ್ಕ ಗೊತ್ತು. ಮೊದಲ ಪಕ್ಕ ಗೆದ್ದರೆ 100 ರೂಪಾಯಿಗೆ 90 ಮಾತ್ರ ಲಾಭ ಕೊಡುವುದು ಅಲ್ಲಿ ರೂಢಿ. ಆಗ ಕಟ್ಟಿದ ಪ್ರತಿ 100 ರೂಪಾಯಿಗೆ ಒಂದು ಪಕ್ಕದಲ್ಲಿ ಎರಡು ರೂಪಾಯಿ ಚಿಲ್ಲರೆ, ಇನ್ನೊಂದು ಪಕ್ಕದಲ್ಲಿ ಮೂರು ರೂಪಾಯಿ ಆಟಗಾರನ ಕೈಬಿಡುತ್ತದೆ. ಒಂದು ಆಟಕ್ಕೆ ಇದು ಅಲ್ಪ. ಆದರೆ ಆಟ ಬೇಗ ಮುಗಿಯುತ್ತದೆ, ಮತ್ತೆ ಶುರುವಾಗುತ್ತದೆ. ದಿನದ ಕೂಲಿ ಕರಗುವುದು ಈ ವೇಗದಲ್ಲಿ.

ಕಾನೂನು ಮಾತ್ರ ಬೇರೆಯದೇ ಪ್ರಶ್ನೆ ಕೇಳುತ್ತದೆ: ಇದು ಜಾಣ್ಮೆಯೋ, ಅದೃಷ್ಟವೋ? 1867ರ ಸಾರ್ವಜನಿಕ ಜೂಜು ಕಾಯ್ದೆಯೇ ಜಾಣ್ಮೆಯ ಆಟಗಳನ್ನು ಹೊರಗಿಟ್ಟಿತ್ತು. ಮುಂಬೈಯ 1887ರ ಕಾಯ್ದೆಯಲ್ಲೂ, ಮದ್ರಾಸಿನ 1930ರ ಕಾಯ್ದೆಯಲ್ಲೂ, 1963ರ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲೂ ಅದೇ ವಿನಾಯಿತಿ ಇದೆ. 1967ರಲ್ಲಿ ಸಿಕಂದರಾಬಾದಿನ ಕ್ಲಬ್ಬೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಬಿದ್ದ ಎಲೆಗಳನ್ನು ನೆನಪಿಟ್ಟುಕೊಳ್ಳಬೇಕು, ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಯೋಚಿಸಬೇಕು. ಆದ್ದರಿಂದ ರಮ್ಮಿ ಮುಖ್ಯವಾಗಿ ಜಾಣ್ಮೆಯ ಆಟ ಎಂದಿತು ನ್ಯಾಯಾಲಯ. ಮೂರೆಲೆಯ ಆಟವನ್ನು ಶುದ್ಧ ಅದೃಷ್ಟದ ಸಾಲಿಗೆ ಸೇರಿಸಿತು. ಈ ಅಳತೆಗೋಲಿನಲ್ಲಿ ಅಂದರ್ ಬಾಹರ್‌ಗೆ ಉಳಿಗಾಲವಿಲ್ಲ. ಹಣ ಕಟ್ಟಿದ ಮೇಲೆ ಆಟಗಾರನಿಗೆ ನೋಡುತ್ತಾ ಕೂರುವುದಲ್ಲದೆ ಬೇರೆ ಕೆಲಸವೇ ಇಲ್ಲ.

ಆದರೂ ಈ ಗೆರೆ ಎಲ್ಲೆಡೆ ಒಂದೇ ಅಲ್ಲ. ಸಂವಿಧಾನದಲ್ಲಿ ಜೂಜು ರಾಜ್ಯಗಳ ಪಟ್ಟಿಯ ವಿಷಯ. ಗೋವಾ ತನ್ನ 1976ರ ಕಾಯ್ದೆಗೆ 1990ರ ದಶಕದಲ್ಲಿ ತಿದ್ದುಪಡಿ ತಂದು ಕ್ಯಾಸಿನೊಗಳಿಗೆ ದಾರಿ ಮಾಡಿತು. ಹಾಗಾಗಿ ಮಾಂಡೋವಿ ನದಿಯ ಹಡಗಿನಲ್ಲಿ ಅಂದರ್ ಬಾಹರ್ ಆಡುವವನು ಗಿರಾಕಿ. ಗಡಿ ದಾಟಿ ಕರ್ನಾಟಕದ ಹಳ್ಳಿಯ ಕಟ್ಟೆಯ ಮೇಲೆ ಅದನ್ನೇ ಆಡುವವನು ಪೊಲೀಸ್ ಕಾಯ್ದೆಯ 87ನೆಯ ಕಲಮಿನ ಆರೋಪಿ. ಎಲೆಗಳು ಅವೇ 52. ಸೋಲುವ ಲೆಕ್ಕವೂ ಅದೇ. ಬದಲಾಗುವುದು ಆ ಸೋಲಿನಿಂದ ಸರ್ಕಾರಕ್ಕೆ ಬರುವುದು ಪರವಾನಗಿ ಶುಲ್ಕವೋ, ದಂಡವೋ ಎಂಬುದು.